ಮೂಕ ಅಳು, ಹಂದಿಯ ಪಾಲು

“ಇಷ್ಟಗಲ ಬಾಯಿ ತೆರೆದು ಅಳ್ತಿದೆ, ದನಿ ಎಲ್ಲಿ ಹೋಯ್ತು?”

ಖಾಮ್ಲಾಜ್ಜಿ ಯಾರನ್ನೂ ಕೇಳಲಿಲ್ಲ, ಗಾಳಿಯನ್ನು ಕೇಳಿದಳು. ಮಡಿಲಲ್ಲಿದ್ದ ಮೂರು ತಿಂಗಳ ಮೊಮ್ಮಗ ಮುಖ ಕೆಂಪಗಾಗುವಂತೆ ಅಳುತ್ತಿದ್ದ. ಸದ್ದೇ ಇಲ್ಲ. ಎರಡು ವರ್ಷದ ಹಿಂದೆ ಮೊದಲ ಮೊಮ್ಮಗಳೂ ಹೀಗೇ ಮೂಕಳಾಗಿ, ಮೂರನೇ ದಿನ ಮಣ್ಣು ಸೇರಿದ್ದಳು. ದೆವ್ವ ಒಯ್ದಿತು ಎಂದು ಊರು ಹೇಳಿತು. ಅಜ್ಜಿ ದೆವ್ವಕ್ಕೆ ಎಡೆಯಿಟ್ಟು ಕೈಮುಗಿದಿದ್ದಳು.

ಈ ಸಲ ಮಗುವಿನ ತಾಯಿ, ಅಜ್ಜಿಯ ಮಗಳು ದಾಲಾ ಯಾರ ಮಾತನ್ನೂ ಕೇಳದೆ, ಮಗುವನ್ನೆತ್ತಿಕೊಂಡು ದೋಣಿ ಹತ್ತಿ, ಮೆಕಾಂಗ್ ಹೊಳೆಯ ಆಚೆ ದಡದ ಆಸ್ಪತ್ರೆ ಸೇರಿದಳು. ಸೂಜಿಮದ್ದು ಬಿದ್ದ ಸಂಜೆಗೆ ಮಗು ಮೊಲೆ ಹಿಡಿಯಿತು. ನಾಲ್ಕು ದಿನಕ್ಕೆ ದನಿ ಮರಳಿತು.

ಮರುವಾರ ಆ ಆಸ್ಪತ್ರೆಯ ನರ್ಸ್ ವಿಲೈ ಮನೆಗೇ ಬಂದು, ಬಾಣಂತಿ ಏನು ತಿಂದಳೆಂದು ವಿಚಾರಿಸಿದಳು. ಪದ್ಧತಿ ಮೀರಿಲ್ಲ ಎಂದಳು ಅಜ್ಜಿ: ಕೆಳಗೆ ಕೆಂಡವಿಟ್ಟ ಮಂಚದ ಮೇಲೆ ಮಲಗಿಸಿ, ದೇವಗಣಗಿಲೆ ಹೂವಿನಷ್ಟು ಬೆಳ್ಳಗಿನ ಅಂಟಕ್ಕಿ ಅನ್ನ, ಉಪ್ಪು, ಶುಂಠಿ. ತನ್ನಮ್ಮ ಇದನ್ನೇ ತಿಂದು ಒಂಬತ್ತು ಮಕ್ಕಳನ್ನು ಸಾಕಿದ್ದಳಂತೆ.

“ನಿಮ್ಮಮ್ಮ ಅಕ್ಕಿ ಎಲ್ಲಿ ಮಾಡಿಸ್ತಿದ್ರು, ಅಜ್ಜಿ?”

“ಮಾಡಿಸೋದೇನು ಬಂತು, ಮನೇಲೇ ಕಾಲೊನಕೆಯಲ್ಲಿ ಕುಟ್ಟೋರು. ಅರ್ಧ ತವುಡು ಅಕ್ಕಿಗೇ ಅಂಟಿರೋದು. ಈಗ ಗಿರಣಿ ಫೂಮಿ ಇದ್ದಾನಲ್ಲ, ಧರ್ಮಾತ್ಮ. ತವುಡು ಇಟ್ಕೊಂಡು ಪುಕ್ಕಟೆ ಮಾಡಿಕೊಡ್ತಾನೆ.”

“ಇಟ್ಕೊಂಡು?”

“ಹಂದಿಗೆ ಹಾಕ್ತಾನೆ.”

“ಅವನ ಹಂದಿಮರಿ ಯಾವತ್ತಾದ್ರೂ ದನಿ ಕಳ್ಕೊಂಡಿದ್ಯಾ?”

ವಿಲೈ ಮಾತನ್ನು ಮೆತ್ತಗೆ ಮಾಡಲಿಲ್ಲ. ನರಕ್ಕೂ ಗುಂಡಿಗೆಗೂ ಬೇಕಾದ ಸತ್ವ ಅಕ್ಕಿಯ ಮೈಮೇಲಿನ ತವುಡಿನಲ್ಲೇ ಇರುತ್ತದೆ; ಅದು ತಪ್ಪಿದರೆ ಕೂಸಿನ ದನಿ ಕಟ್ಟುತ್ತದೆ, ಸೂಜಿಯಲ್ಲಿ ಕೊಟ್ಟದ್ದೂ ಅದನ್ನೇ. ಹೊಳಪು ಏರಿದಷ್ಟೂ ಸತ್ವ ಇಳಿಯುತ್ತದೆ. ತಾಯಿಯ ತಟ್ಟೆಯಲ್ಲಿಲ್ಲದ್ದು ಮೊಲೆಹಾಲಿಗೆ ಎಲ್ಲಿಂದ ಬಂದೀತು ಎಂದಳು.

ಅಜ್ಜಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ದೆವ್ವಕ್ಕೆ ಮುಗಿದ ಕೈಯ ಮೇಲೆ ಸಿಟ್ಟು. ಪುಕ್ಕಟೆ ಎಂಬ ಮಾತಿನ ಮೇಲೆ ಸಿಟ್ಟು. ಬೆಳ್ಳಗಿದ್ದುದೆಲ್ಲ ಒಳ್ಳೆಯದೆಂದು ನಂಬಿದ ತನ್ನ ಕಣ್ಣಿನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಅಂದೇ ದಾಲಾಳ ಅನ್ನದ ಜೊತೆಗೆ ಮೀನು, ಕಾಳು ಬಂದವು. ಅಜ್ಜಿ ಭತ್ತದ ಮೂಟೆ ಹೊರಿಸಿಕೊಂಡು ಗಿರಣಿಗೆ ನಡೆದು, ಹೊಟ್ಟು ಹೋಗುವ ಒಂದೇ ಸುತ್ತು ಸಾಕು, ತವುಡು ತೆಗೆಯಬೇಡ ಎಂದಳು.

ತಾಯಂದಿರೇ, ಅಜ್ಜಿಯರೇ, ಮಗುವಿನ ದನಿ ಕಟ್ಟಿದರೆ, ಉಸಿರು ಏರಿದರೆ ಒಂದು ದಿನವೂ ಕಾಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ಬಾಣಂತಿಗೆ ತವುಡು ಉಳಿದ ಅಕ್ಕಿ ಕೊಡಿ, ಕಾಳು ಮೀನು ತಿನ್ನಿಸಿ. ಇನ್ನಷ್ಟು ಬೆಳ್ಳಗೆ ಮಾಡಲೇ ಎಂದು ಗಿರಣಿಯವನು ಕೇಳೇ ಕೇಳುತ್ತಾನೆ. ಆಗ ಖಾಮ್ಲಾಜ್ಜಿ ಹೇಳಿದ್ದನ್ನೇ ಹೇಳಿ.

“ಒಂದೇ ಸುತ್ತಿಗೆ ನಿಲ್ಸಿದ್ರೆ ನನಗೇನು ಸಿಗ್ತದೆ ಅಜ್ಜಿ? ಇನ್ನೊಂದು ಸುತ್ತು ಹಾಕ್ಲಾ?” ಎಂದ ಫೂಮಿ.

“ಕೂಲಿ ಕಾಸು ತಗೋ. ನನ್ನ ಮೊಮ್ಮಕ್ಕಳ ಪಾಲು ನಿನ್ನ ಹಂದಿ ತಿಂದದ್ದು ಸಾಕು. ಇನ್ನೊಂದು ಸುತ್ತು ಹಾಕೋಕೆ ಬಿಡಲ್ಲ.”