ಅಕ್ಕ ಸರಿಸಿದ ಅಣು

ಕಲ್ಯಾಣದುರ್ಗದ ನಮ್ಮ ಮನೆಯ ಜಗಲಿಯಲ್ಲಿ ಹುಣಸೆ ಬೀಜದ ಆಟಕ್ಕೆ ಕೂತರೆ ನರಸಕ್ಕನನ್ನು ಸೋಲಿಸಿದವರಿಲ್ಲ. ಬೀಜಗಳನ್ನು ಗುಡ್ಡೆ ಹಾಕಿ, ಉಫ್ ಎಂದು ಒಮ್ಮೆ ಊದಿ, ಪಕ್ಕದ್ದು ಅಲ್ಲಾಡದಂತೆ ಒಂದೊಂದನ್ನೇ ಬೆರಳಿನಿಂದ ಎಳೆಯಬೇಕು. ಅಲ್ಲಾಡಿದರೆ ಆಟದ ಸರದಿ ಎದುರಿನವರಿಗೆ. ನಾನು ಅವಳ ತಂಗಿ, ಮುಖ ಊದಿಸಿಕೊಂಡು ಎದ್ದು ಹೋದದ್ದೇ ಹೆಚ್ಚು. ಆ ಮಧ್ಯಾಹ್ನಗಳು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಂಥ ಅಕ್ಕನ ಬಲಗೈ ಎರಡು ವರ್ಷದಿಂದ ನಡುಗುತ್ತಿದೆ. ನಾಲ್ಕು ಜನರೆದುರು ಕಾಫಿ ಲೋಟ ಮುಟ್ಟುವುದಿಲ್ಲ, ಮದುವೆಗೆ ಕರೆದರೆ ಹೋಗುವುದಿಲ್ಲ. ಏನು ಚೆಲ್ಲಿದರೂ ಒಂದೇ ಮಾತು: “ಈ ಹಾಳು ಕೈ ಕಣೆ.” ಹೀಗೇ ಬಿಟ್ಟರೆ ಮನೆಯ ಮೂಲೆ ಸೇರಿಬಿಡುತ್ತಾಳೆಂದು ನನಗೆ ಭಯ.

ಹಿಂದೂಪುರದಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಒಂದು ಯಂತ್ರವಿದೆ. ಅದರ ಸೂಜಿಯ ತುದಿಯಲ್ಲಿರುವುದು ಒಂದೇ ಪರಮಾಣು. ತಾಮ್ರದ ಮೇಲೆ ಕೂತ ಅಣುಗಳನ್ನು ಅದು ತೆರೆಯ ಮೇಲೆ ತೋರಿಸುತ್ತದೆ, ಬೇಕಾದ ಒಂದನ್ನು ಸರಿಸುತ್ತದೆ ಕೂಡ. ಅಕ್ಕನನ್ನು ಬಸ್ಸು ಹತ್ತಿಸಿ ಅಲ್ಲಿಗೆ ಕರೆತರುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

“ನಮ್ಮ ಆಟಾನೇ ಕಣಕ್ಕ. ಒಂದ್ನ ಎಳಿ, ಪಕ್ಕದ್ದು ಅಲ್ಲಾಡ್ಬಾರ್ದು,” ಎಂದೆ.

“ವದ್ದಮ್ಮ, ಬ್ಯಾಡ, ಈ ಕೈಯಾಗೆ ಆಗಾಕಿಲ್ಲ. ಮಿಷನ್ನು ಕೆಟ್ಟೋದ್ರೆ ಏನ್ ಮಾಡ್ತೀಯ?”

“ನಿನ್ ಕೈ ಒಂದು ಗೇಣು ಸರಿದ್ರೆ ಸೂಜಿ ಕೂದ್ಲೆಳೇನಾಗೆ ಲಕ್ಷಕ್ಕೊಂದು ಪಾಲು ಸರೀತೈತೆ. ನಡುಕನ ಮಿಷನ್ನೇ ಸೋಸಿ ಬಿಸಾಕ್ತೈತೆ.”

ಅಕ್ಕ ಸೂಜಿಯನ್ನು ನಡೆಸುವ ಮೌಸಿನ ಮೇಲೆ ಕೈಯಿಟ್ಟಳು. ಮುಂದೆ ಬಾಗಿ, ಹಳೇ ಅಭ್ಯಾಸಕ್ಕೆ ಉಫ್ ಎಂದು ತೆರೆಗೆ ಊದಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳ ಬೆರಳು ನಡುಗುತ್ತಿತ್ತು, ತೆರೆಯ ಮೇಲಿನ ಸೂಜಿಯ ಗುರುತು ನಡುಗಲಿಲ್ಲ. ಮೊದಲ ಅಣು ಗುಂಪಿನಿಂದ ಸಲೀಸಾಗಿ ಈಚೆ ಬಂತು. ಅಕ್ಕ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕೂತು ಎರಡನೆಯದಕ್ಕೆ ಕೈ ಹಾಕಿದಳು.

ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಹೊಸ ಚಿತ್ರ ಮೂಡಿತು. ಎರಡನೆಯ ಅಣುವಿನ ಜೊತೆ ಪಕ್ಕದ್ದೂ ಜರುಗಿತ್ತು. ಮತ್ತೆ ಕೈಯನ್ನು ಬೈದುಕೊಂಡು ಎದ್ದು ಬಿಡುತ್ತಾಳೆ, ಇನ್ನೆಂದೂ ಬರುವುದಿಲ್ಲ ಎನಿಸಿತು.

“ಮಿಷನ್ನಿಂದು ತಪ್ಪು ಕಣಕ್ಕ,” ಎಂದು ಅವಸರದಲ್ಲಿ ಹೇಳಿದೆ.

“ಸುಮ್ಕಿರು. ಮಿಷನ್ನಿಂದೂ ಅಲ್ಲ, ಕೈದೂ ಅಲ್ಲ. ಗೆಲ್ಲೋ ಆಸೆಗೆ ನಾನೇ ಆತುರ ಬಿದ್ದೆ,” ಎಂದು ಮೌಸನ್ನು ನನ್ನ ಕಡೆ ತಳ್ಳಿದಳು.

ಹಿಡಿದೆ. ಕಣ್ಣು ಮಂಜಾಗಿ ಒಂದು ಅಣುವೂ ಕಾಣಲಿಲ್ಲ.

“ಬಿರ್ನೆ ಆಡೆ ಅನಿತಾ,” ಎಂದಳು ಅಕ್ಕ. “ಮತ್ತೆ ನನ್ನಾಟ ಬರ್ಬೇಕು.”