ನಡುಮನೆಯ ಗೋಡೆಯ ಸೈಕಲ್ಲುಗಳು

ಅಕ್ಕನ ಗಂಡನಿಗೆ ಸೈಕಲ್ಲಿನ ಹುಚ್ಚು. ತುಳಿಯುವ ಹುಚ್ಚಲ್ಲ, ನೇತುಹಾಕುವ ಹುಚ್ಚು. ಮೂರನೇ ಮಹಡಿಯಲ್ಲಿದ್ದ ಅವರ ಮನೆಯ ನಡುಮನೆಯಲ್ಲಿ ಆರು ಹಳೆಯ ಸೈಕಲ್ಲುಗಳಿದ್ದವು. ಎರಡು ಗೋಡೆಗೆ ಅಡ್ಡಲಾಗಿ, ಎರಡು ಮುಂದಿನ ಚಕ್ರದಿಂದ ಕೊಕ್ಕೆಗೆ ಸಿಕ್ಕಿಸಿಕೊಂಡು ನೆಟ್ಟಗೆ, ಒಂದು ಛಾವಣಿಯಿಂದ ರಾಟೆ ಹಗ್ಗದಲ್ಲಿ ಇಳಿಬಿದ್ದು. ಆರನೆಯದು ಹಸಿರು ಬಣ್ಣದ್ದು, ಬಾಗಿಲ ಪಕ್ಕದಲ್ಲಿ ಕೈಗೆ ಸಿಗುವ ಎತ್ತರದಲ್ಲಿತ್ತು. ಬಂದವರು ಚಪ್ಪಲಿ ಬಿಡುತ್ತಾ ಅದರ ಹಿಂದಿನ ಚಕ್ರವನ್ನು ಒಮ್ಮೆ ತಿರುಗಿಸಿಯೇ ಒಳಗೆ ಬರುತ್ತಿದ್ದರು. ಚಕ್ರ ಸದ್ದಿಲ್ಲದೆ ತಿರುಗುತ್ತಲೇ ಇರುತ್ತಿತ್ತು. ಅವರು ಕೂತು, ನೀರು ಕುಡಿದು, ಲೋಟ ಕೆಳಗಿಟ್ಟಾಗಲೂ ಅದು ನಿಂತಿರುತ್ತಿರಲಿಲ್ಲ.

ಅಕ್ಕನ ತಮ್ಮ ಅವನನ್ನು ಭಾವ ಎನ್ನುತ್ತಿದ್ದ. ನಾವೂ ಹಾಗೇ ಕರೆಯೋಣ. ಭಾವನಿಗೆ ಲಿಫ್ಟುಗಳನ್ನು ತಪಾಸಣೆ ಮಾಡುವ ಕೆಲಸ. ದೊಡ್ಡ ಕಟ್ಟಡಗಳ ತಲೆಯ ಮೇಲೆ ಹತ್ತಿ ಹಗ್ಗ, ಬ್ರೇಕು, ಬಾಗಿಲು ಎಲ್ಲವನ್ನೂ ನೋಡಿ ರುಜು ಹಾಕಬೇಕು. ಕೆಲಸದಲ್ಲಿ ಅವನು ಕಟ್ಟುನಿಟ್ಟು. ಮನೆಯಲ್ಲಿ ತಮಾಷೆಯ ಮನುಷ್ಯ. ಆ ತಮಾಷೆಗೆ ಯಾವಾಗಲೂ ಒಬ್ಬರು ಬೇಕಾಗುತ್ತಿತ್ತು, ಒಂಬತ್ತು ವರ್ಷಗಳಿಂದ ಆ ಒಬ್ಬರು ಅಕ್ಕನೇ. ಬಂದವರ ಮುಂದೆ ಅವಳು ಮಾತಾಡುವ ರೀತಿಯನ್ನು ಆಡಿ ತೋರಿಸುತ್ತಿದ್ದ. ಅವಳು ಹೊಲಿದ ಬಟ್ಟೆಯನ್ನು ಎತ್ತಿ ಹಿಡಿದು, "ಇದರಲ್ಲಿ ತಲೆ ಎಲ್ಲಿಂದ ತೂರಿಸೋದು, ಯಾರಾದ್ರೂ ಹೇಳಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದಿದ್ದರೆ ಅದೇ ಇನ್ನೊಂದು ತಮಾಷೆಯಾಗುತ್ತಿತ್ತು.

ಅಕ್ಕ ಒಂದು ಬಟ್ಟೆ ಅಂಗಡಿಗೆ ಮನೆಯಲ್ಲೇ ಕೂತು ಹೊಲಿದುಕೊಡುತ್ತಿದ್ದಳು. ಪ್ಯಾಂಟು ಮಡಿಸುವುದು, ಸೊಂಟ ಹಿಡಿಸುವುದು, ಜಿಪ್ಪು ಬದಲಿಸುವುದು. ಒಳಕೋಣೆಯ ಕಿಟಕಿಯ ಕೆಳಗೆ ಅವಳ ಕಾಲುಮಿಷನ್ನು. ಆ ಒಂದು ಕೋಣೆಯ ಗೋಡೆ ಮಾತ್ರ ಬರಿದಾಗಿತ್ತು.

ತಮ್ಮ ಔಷಧಿ ಅಂಗಡಿಯೊಂದರಲ್ಲಿ ಮನೆಮನೆಗೆ ಮಾತ್ರೆ ತಲುಪಿಸುತ್ತಿದ್ದ. ಹನ್ನೆರಡು ವರ್ಷ ಒಂದೇ ಸೈಕಲ್ಲು. ಅವನಿದ್ದ ಬಾಡಿಗೆ ಕಟ್ಟಡವನ್ನು ಕೆಡವಲು ಹೊರಟಾಗ ಪೆಟ್ಟಿಗೆ ಹೊತ್ತುಕೊಂಡು ಅಕ್ಕನ ಮನೆಗೆ ಬಂದ. ಭಾವ ಬೇಡವೆನ್ನಲಿಲ್ಲ. "ಇರು, ನಿನ್ನದೇ ಮನೆ. ಆದ್ರೆ ನಿನ್ನ ಆ ಡಕೋಟಾ ಗಾಡಿ ಮೇಲೆ ಬರೋದು ಬೇಡ. ಕೆಳಗೆ ಮೆಟ್ಟಿಲ ಹತ್ರ ಕಟ್ಕೋ" ಎಂದ.

"ಚಕ್ರ ಒರೆಸಿಕೊಂಡು ತರ್ತೀನಿ ಭಾವ. ಕೆಳಗೆ ಕಳ್ಳತನ ಜಾಸ್ತಿ."

"ಅದನ್ನ ಕದಿಯೋನಿಗೆ ನಾನೇ ಸನ್ಮಾನ ಮಾಡ್ತೀನಿ."

ಅಕ್ಕ ನಕ್ಕಳು. ತಮ್ಮನೂ ನಕ್ಕು, ಸರಪಳಿ ತಂದು ಸೈಕಲ್ಲನ್ನು ಕೆಳಗೆ ಕಂಬಿಗೆ ಕಟ್ಟಿದ. ರಾತ್ರಿ ನಡುಮನೆಯ ದಿವಾನದ ಮೇಲೆ ಮಲಗುತ್ತಿದ್ದ, ತಲೆಯ ಮೇಲೆ ಸೈಕಲ್ಲುಗಳು.

ನಾಲ್ಕನೇ ತಿಂಗಳಲ್ಲಿ ಒಂದು ಬೆಳಗ್ಗೆ ಕೆಳಗೆ ಹೋದವನು ಕೂಡಲೇ ಮೇಲೆ ಬಂದ. ಕೈಯಲ್ಲಿ ತುಂಡಾದ ಸರಪಳಿ.

"ಹೋಯ್ತು ಅಕ್ಕ."

ಭಾವ ಗಡ್ಡ ಬೋಳಿಸುತ್ತಿದ್ದ. ಮುಖದ ತುಂಬ ನೊರೆ ಇಟ್ಟುಕೊಂಡೇ ಈಚೆ ಬಂದ. "ಸನ್ಮಾನಕ್ಕೆ ಹಾರ ತರಬೇಕಲ್ಲ ಈಗ" ಎಂದ.

ತಮ್ಮ ಆ ದಿನ ನಗಲಿಲ್ಲ. ಎಂಟೂವರೆಗೆ ಅಂಗಡಿಯಲ್ಲಿರಬೇಕು, ಸೈಕಲ್ಲಿಲ್ಲದವನಿಗೆ ಅಲ್ಲಿ ಕೆಲಸವಿಲ್ಲ. ಸ್ವಲ್ಪ ಹೊತ್ತು ಗೋಡೆಗಳನ್ನು ನೋಡುತ್ತ ನಿಂತು, ತಡೆಯುತ್ತ ತಡೆಯುತ್ತ ಕೇಳಿದ. "ಭಾವ, ಒಂದು ವಾರದ ಮಟ್ಟಿಗೆ ಇವುಗಳಲ್ಲಿ ಒಂದು ಕೊಡ್ತೀರಾ? ಗೀರು ಬೀಳದ ಹಾಗೆ ನೋಡ್ಕೋತೀನಿ."

ಭಾವ ಇಲ್ಲವೆನ್ನುತ್ತಾನೆಂದೇ ಅಕ್ಕ ಅಂದುಕೊಂಡಿದ್ದಳು. ಅವನು ಟವಲಿನಿಂದ ಮುಖ ಒರೆಸಿಕೊಂಡು, ಹಸಿರು ಸೈಕಲ್ಲಿನ ಚಕ್ರವನ್ನು ಒಮ್ಮೆ ತಿರುಗಿಸಿದ. ಆರರಲ್ಲಿ ಅದೇ ಕಡಿಮೆ ಬೆಲೆಯದು.

"ತಗೊಂಡು ಹೋಗು. ಇದಕ್ಕೆ ಕೈಬ್ರೇಕ್ ಇಲ್ಲ ಗೊತ್ತಲ್ಲ? ಹಳೇ ಕಾಲದ್ದು. ಪೆಡಲ್ ಹಿಂದಕ್ಕೆ ತುಳಿದ್ರೆ ನಿಲ್ಲುತ್ತೆ."

"ಗೊತ್ತು ಭಾವ. ಚಿಕ್ಕವನಿದ್ದಾಗ ಇಂಥದ್ದೇ ಹೊಡೆದಿದ್ದೆ."

ಅದು ನಿಲ್ಲುವುದಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ, ಇದೇ ನೆಲದ ಮೇಲೆ ಹಳೇ ಪೇಪರು ಹಾಸಿಕೊಂಡು, ಭಾವ ಆ ಹಿಂದಿನ ಚಕ್ರದ ನಡುವಿನ ಹಬ್ ಬಿಚ್ಚಿ, ಒಳಗಿದ್ದ ಬ್ರೇಕಿನ ತುಂಡುಗಳನ್ನು ತೆಗೆದು ಎಸೆದಿದ್ದ. ಅವು ಉಜ್ಜಿಕೊಂಡು ಚಕ್ರ ಬೇಗ ನಿಂತುಬಿಡುತ್ತಿತ್ತು, ಅವನಿಗೆ ಅದು ತಿರುಗುತ್ತಲೇ ಇರಬೇಕಿತ್ತು. ಆ ಜಿಡ್ಡಿನ ಪೇಪರನ್ನು ಮುದುರಿ ಕಸಕ್ಕೆ ಹಾಕಿದ್ದು ಅವಳೇ.

ಅವಳು ಬಾಯಿ ತೆರೆದಳು. ಭಾವ ತಮ್ಮನ ಬೆನ್ನ ಹಿಂದಿನಿಂದ ಅವಳ ಕಡೆ ನೋಡಿ ಕಣ್ಣು ಮಿಟುಕಿಸಿದ. ತುಟಿಯ ಮೇಲೆ ಬೆರಳಿಟ್ಟ.

ಒಂಬತ್ತು ವರ್ಷದಲ್ಲಿ ಅವನು ಅವಳ ಕಡೆಗೆ ಹಾಗೆ ಕಣ್ಣು ಮಿಟುಕಿಸಿದ್ದು ಅದೇ ಮೊದಲು. ಈ ಸಲದ ತಮಾಷೆ ಬೇರೆಯವರ ಮೇಲೆ. ಅವಳು ಅವನ ಪಕ್ಷದಲ್ಲಿದ್ದಳು. ಮದುವೆಯಾದ ಹೊಸದರಲ್ಲಿ ಇಂಥದ್ದೊಂದು ಸಲಿಗೆಗೆ ಅವಳು ಕಾದಿದ್ದುಂಟು, ಆಮೇಲೆ ಕಾಯುವುದನ್ನು ಬಿಟ್ಟಿದ್ದಳು. ಈಗ ಅದು ಬಂದಾಗ ಮೈಯೆಲ್ಲ ಬೆಚ್ಚಗಾಯಿತು. ತಮ್ಮ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು, "ಬರ್ತೀನಿ ಅಕ್ಕ" ಎಂದಾಗ ನಗು ಉಕ್ಕಿ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

"ಬಾರೇ ಇಲ್ಲಿ" ಎಂದು ಭಾವ ಕಿಟಕಿಯ ಹತ್ತಿರ ಕರೆದ. "ಗೇಟಿನ ತನಕ ಹೋಗ್ತಾನೆ, ಹಿಂದಕ್ಕೆ ತುಳೀತಾನೆ, ಸೀದಾ ಬೇಲಿ ಗಿಡದೊಳಗೆ. ಕೋಳಿ ಬಿದ್ದ ಹಾಗೆ ಬೀಳ್ತಾನೆ ನೋಡು."

ಕಟ್ಟಡದ ಅಂಗಳ ಗೇಟಿನ ಕಡೆಗೆ ಇಳಿಜಾರು. ಗೇಟು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು, ಪಕ್ಕದಲ್ಲಿ ದಟ್ಟವಾದ ಬೇಲಿ. ಭಾವನ ಲೆಕ್ಕ ಅಷ್ಟೇ. ಆದರೆ ಆಗ ತಾನೇ ನೀರಿನ ಟ್ಯಾಂಕರು ಒಳಗೆ ಬಂದಿತ್ತು, ಗೇಟಿನ ಎರಡೂ ಬಾಗಿಲು ಹಾರುಹೊಡೆದಿದ್ದವು. ಗೇಟಿನಾಚೆ ರಸ್ತೆ ಇನ್ನೂ ಕಡಿದಾಗಿ ಕೂಡುರಸ್ತೆಯವರೆಗೆ ಇಳಿಯುತ್ತಿತ್ತು.

ಮೇಲಿನಿಂದ ಅಕ್ಕನಿಗೆ ಅವನ ಕಾಲುಗಳು ಚೆನ್ನಾಗಿ ಕಂಡವು. ಗೇಟಿನ ಹತ್ತಿರ ಅವು ಹಿಂದಕ್ಕೆ ತಿರುಗಿದವು. ಬೆಲ್ಟು ಕಡಿದಾಗ ಅವಳ ಮಿಷನ್ನಿನ ಪೆಡಲು ಆಡುವ ಹಾಗೆ, ಯಾವ ಹಿಡಿತವೂ ಇಲ್ಲದೆ ಗರಗರ ತಿರುಗಿದವು. ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಮ್ಮ ಗೇಟು ದಾಟಿದ. ಒಂದು ಕಾಲನ್ನು ನೆಲಕ್ಕೆ ಉಜ್ಜಿದ, ಚಪ್ಪಲಿ ಕಿತ್ತು ಹಿಂದೆ ಬಿತ್ತು. ಕೆಳಗೆ ಕೂಡುರಸ್ತೆಯಲ್ಲಿ ಮರಳಿನ ಲಾರಿಯೊಂದು ನಿಧಾನವಾಗಿ ತಿರುಗುತ್ತಿತ್ತು. ಲಾರಿ ನಿಂತ ಮೇಲೂ ಭಾವನ ನಗು ಇನ್ನೊಂದು ಕ್ಷಣ ಹಾಗೇ ಇತ್ತು.

ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಭಾವ ಅವಳಿಗೆ ಒಂದೇ ಮಾತು ಹೇಳಿದ. "ಯಾರಿಗೂ ಏನೂ ಹೇಳೋದು ಬೇಡ. ಹೇಳಿದ್ರೆ ಇಬ್ರೂ ಹೇಳಬೇಕಾಗುತ್ತೆ." ಅವಳು ತಲೆಯಾಡಿಸಿದಳು.

ನಾಲ್ಕನೇ ದಿನ ತಮ್ಮನಿಗೆ ಮಾತಾಡುವಷ್ಟು ಶಕ್ತಿ ಬಂತು. ಅವನು ಮೊದಲು ನೋಡಿದ್ದು ಭಾವನನ್ನು. "ಸೈಕಲ್ ಹಾಳಾಯ್ತು ಭಾವ. ತಪ್ಪು ತಿಳ್ಕೋಬೇಡಿ" ಎಂದ.

"ಬಿಡೋ. ಜೀವ ಉಳೀತಲ್ಲ, ಸಾಕು" ಎಂದು ಭಾವ ಅವನ ಭುಜ ತಟ್ಟಿದ. ಅಕ್ಕ ಕೈಯಲ್ಲಿ ಹಾಲಿನ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದಳು. ಮುಚ್ಚಳ ತಿರುಗಿಸಿದಳು, ಮತ್ತೆ ಮುಚ್ಚಿದಳು.

ಔಷಧಿ ಅಂಗಡಿಯವರು ಬೇರೆಯವನನ್ನು ಇಟ್ಟುಕೊಂಡರು. ತಮ್ಮ ಊರುಗೋಲು ಹಿಡಿದು ಮನೆಗೆ ಬಂದ, ದಿವಾನದ ಮೇಲೇ ಉಳಿದ. ಬೆಳಗ್ಗೆ ಮುಖ ತೊಳೆಯಲು ನೀರು ಇಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಬಚ್ಚಲಿನ ತನಕ ಹೆಗಲು ಕೊಡುವುದು, ಎಲ್ಲವನ್ನೂ ಅಕ್ಕ ಮಾಡಿದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಅವನು ಮಲಗಿದ್ದಾಗ ಇಲ್ಲದ ಕಾಲಿನ ಜಾಗದಲ್ಲಿ ಹೊದಿಕೆ ಚಪ್ಪಟೆಯಾಗಿರುವುದು ಮಾತ್ರ ಅವಳ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿ ಒಂದು ದಿಂಬು ಇಟ್ಟು ಹೊದಿಸತೊಡಗಿದಳು. ಅವನು ಆ ದಿಂಬನ್ನು ತೆಗೆದು ಕೆಳಗೆ ಹಾಕುತ್ತಿದ್ದ.

ಒಂದೂವರೆ ತಿಂಗಳಾದ ಮೇಲೆ ಭಾವ ಠಾಣೆಯಿಂದ ಹಸಿರು ಸೈಕಲ್ಲನ್ನು ಬಿಡಿಸಿಕೊಂಡು ಬಂದ. ಮುಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿತ್ತು, ನಡುವಿನ ಕೊಳವೆ ಬಗ್ಗಿತ್ತು. ಗುಜರಿಗೆ ಹಾಕುತ್ತಾನೆಂದು ಅಕ್ಕ ತಿಳಿದಳು. ಅವನು ಅದನ್ನು ತೊಳೆದು, ಎಣ್ಣೆ ಬಟ್ಟೆಯಿಂದ ಒರೆಸಿ, ದಿವಾನದ ಎದುರಿನ ಗೋಡೆಯ ಸೈಕಲ್ಲನ್ನು ಕೆಳಗಿಳಿಸಿ, ಅಲ್ಲಿ ಇದನ್ನು ನೇತುಹಾಕಿದ. ಮೇಲೊಂದು ಸಣ್ಣ ದೀಪವನ್ನೂ ಹಾಕಿಸಿದ.

"ಅವನ ಕಣ್ಣೆದುರೇ ಬೇಕಾ ರೀ ಇದು?" ಎಂದು ಅಕ್ಕ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು.

"ಅವನನ್ನೇ ಕೇಳೋಣ" ಎಂದು ಭಾವ ದೊಡ್ಡ ದನಿಯಲ್ಲಿ ಅಂದ. "ಏನಯ್ಯ, ನಿನ್ನ ಗಾಡಿ ಇಲ್ಲಿರಬಹುದಾ?"

"ಇರಲಿ ಭಾವ. ಚೆನ್ನಾಗಿದೆ."

ಬಂದವರೆಲ್ಲ ಈಗ ಅದನ್ನೇ ನೋಡುತ್ತಿದ್ದರು. ಸೈಕಲ್ಲನ್ನು ನೋಡಿ, ದಿವಾನವನ್ನು ನೋಡಿ, ಮತ್ತೆ ಸೈಕಲ್ಲನ್ನು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ತಮ್ಮನ ಪ್ಯಾಂಟುಗಳನ್ನು ಸರಿಮಾಡಲು ಕೂತಳು. ಎಡಗಡೆಯದನ್ನು ಮೊಣಕಾಲಿನ ಕೆಳಗೆ ಮಡಿಸಿ ಹೊಲಿಯಬೇಕಿತ್ತು. ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಾನು ನೆಲದ ಮೇಲೆ ಕೂತು, ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅಳತೆ ಹಿಡಿದಳು. ಭಾವ ಕೆಲಸಕ್ಕೆ ಹೋಗಿದ್ದ.

"ಅಕ್ಕ, ಆ ಹಬ್ ಒಳಗೆ ಬ್ರೇಕೇ ಇರಲಿಲ್ಲ" ಎಂದ ತಮ್ಮ.

ಅವಳ ಕೈ ನಿಂತಿತು.

"ಹನ್ನೆರಡು ವರ್ಷ ಸೈಕಲ್ ತುಳಿದೋನು ನಾನು. ಒಂದು ಸಲ ಹಿಂದಕ್ಕೆ ತುಳಿದಾಗಲೇ ಗೊತ್ತಾಯ್ತು. ಕೆಟ್ಟಿರಲಿಲ್ಲ ಅದು, ಖಾಲಿ ಇತ್ತು. ಭಾವ ಮಾಡಿದ್ದು. ಅವರ ಬುದ್ಧಿ ನನಗೆ ಗೊತ್ತು, ಅದಕ್ಕೆ ನನಗೆ ಸಂಕಟ ಇಲ್ಲ. ಇಲ್ಲಿಂದ ಎದ್ದು ಹೋಗೋಕೆ ನನಗೆ ಜಾಗಾನೂ ಇಲ್ಲ." ಅವನು ಅವಳ ಕಡೆ ನೋಡಿದ. "ನಿನಗೆ ಗೊತ್ತಿತ್ತಾ?"

ಅವಳು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ನನಗೇನು ಗೊತ್ತಾಗುತ್ತೆ ಕಣೋ ಸೈಕಲ್ ವಿಷಯ" ಎಂದಳು.

ಅವನು ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟ. "ಅಷ್ಟೇ ಕೇಳಬೇಕಿತ್ತು. ಬಿಡು" ಎಂದ. ಅವನ ದನಿ ಹಗುರಾಗಿತ್ತು. ಆ ದಿನ ಅವಳು ಹೊಲಿದ ಪ್ಯಾಂಟನ್ನು ಹಾಕಿಕೊಂಡು ನಡುಮನೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ನಡೆದ.

ಅದಾಗಿ ಎರಡು ವಾರಕ್ಕೆ ಭಾವನ ಆಫೀಸಿನವರು ಮೂರು ಜನ ಭಾನುವಾರ ಊಟಕ್ಕೆ ಬಂದರು. ಊಟ ಮುಗಿದು ಕಾಫಿ ಕುಡಿಯುವಾಗ ಒಬ್ಬ, ಹಸಿರು ಸೈಕಲ್ಲು ಏನಾಯಿತೆಂದು ಕೇಳಿದ. ಭಾವನಿಗೆ ಅವತ್ತು ಹುರುಪು ಹೆಚ್ಚಿತ್ತು. ತಡೆದುಕೊಂಡು ತಡೆದುಕೊಂಡು ಅವನಿಗೂ ಸಾಕಾಗಿತ್ತೋ ಏನೋ.

"ನಾನೊಂದು ತಮಾಷೆ ಮಾಡೋಕೆ ಹೋದೆ, ಅದೊಂದು ಆಯ್ತು" ಎಂದು ಶುರುಮಾಡಿದ. ಬೇಲಿಯ ಲೆಕ್ಕವನ್ನು ಹೇಳಿದ, ಟ್ಯಾಂಕರು ಬಂದದ್ದನ್ನು ಹೇಳಿದ. "ನಾನೇನೋ ತಡ್ಕೊಂಡು ನಿಂತಿದ್ದೆ. ಇವಳನ್ನ ನೋಡಬೇಕಿತ್ತು ನೀವು. ಬ್ರೇಕ್ ತೆಗೆದದ್ದು ಇವಳಿಗೂ ಗೊತ್ತಲ್ಲ, ನಗು ತಡೆಯೋಕಾಗದೆ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದ್ಲು."

ಯಾರೂ ನಗಲಿಲ್ಲ. ಒಬ್ಬ ಲೋಟದೊಳಗೆ ನೋಡುತ್ತ ಕೂತ. ಅಕ್ಕ ತಟ್ಟೆಗಳನ್ನು ಎತ್ತುತ್ತಿದ್ದವಳು ಬಗ್ಗಿದ ಹಾಗೇ ಇದ್ದಳು.

ಮೊದಲು ನಕ್ಕವನು ತಮ್ಮ. "ಆ ಬೇಲಿ ನೋಡಿ ನಾನೂ ಅಲ್ಲೇ ಬೀಳೋಣ ಅಂದ್ಕೊಂಡೆ ಭಾವ" ಎಂದ. "ಗಿಡದ ತುಂಬ ಮುಳ್ಳು, ಅದಕ್ಕೆ ಸುಮ್ಮನೆ ಸೀದಾ ಹೋದೆ." ಆಗ ಭಾವ ಗಹಗಹಿಸಿದ, ಬಂದವರೂ ಉಸಿರು ಬಿಟ್ಟು ನಕ್ಕರು. ತಮ್ಮ ಅಕ್ಕನ ಕಡೆಗೆ ತಿರುಗಿ ಖಾಲಿ ಲೋಟ ಚಾಚಿದ.

"ಇನ್ನೊಂದು ಚೂರು ಕಾಫಿ ಕೊಡ್ತೀರಾ?" ಎಂದ.

ಹುಟ್ಟಿದಾಗಿನಿಂದ ಅವಳನ್ನು ನೀನು ಎಂದೇ ಕರೆದವನು. ಅವತ್ತಿನಿಂದ ನೀವು. ಅಕ್ಕ ಎಂಬುದು ಅವನ ಬಾಯಿಂದ ಹೋಯಿತು. ಪಟ್ಟಿ ಕಟ್ಟಲು ಬಂದರೆ, "ನೀವ್ಯಾಕೆ ತೊಂದರೆ ತಗೋತೀರಿ" ಎಂದು ತಾನೇ ಕಟ್ಟಿಕೊಂಡ. ಮನೆಯಲ್ಲಿ ಇಬ್ಬರೇ ಇದ್ದಾಗ ಒಮ್ಮೆ ಅವಳು ಅವನ ಮುಂದೆ ಕೂತು, "ಬೈಯೋ ನನ್ನ, ಹೊಡೆಯೋ ಬೇಕಾದ್ರೆ" ಎಂದು ಅತ್ತಳು. ಅವನು ಅವಳು ಅತ್ತು ಮುಗಿಸುವ ತನಕ ಮರ್ಯಾದೆಯಿಂದ ಕಾದ. "ಮುಖ ತೊಳ್ಕೊಳ್ಳಿ, ಭಾವ ಬರೋ ಹೊತ್ತಾಯ್ತು" ಎಂದ.

ಭಾವನ ಜೊತೆ ಅವನಿಗೆ ಗಳಸ್ಯಕಂಠಸ್ಯವಾಯಿತು. ಕೂತಲ್ಲೇ ಸೈಕಲ್ಲು ಬಿಚ್ಚಿ, ತಿಕ್ಕಿ, ಜೋಡಿಸುವುದನ್ನು ಕಲಿತ. ಯಾವುದು ಯಾವ ಕೋನದಲ್ಲಿದ್ದರೆ ಚೆಂದ ಎಂದು ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಕ್ಕನ ಮಾತನ್ನು ಆಡಿ ತೋರಿಸುವುದರಲ್ಲಿ ಈಗ ಭಾವನಿಗಿಂತ ತಮ್ಮನೇ ಗಟ್ಟಿಗ. ಹುಟ್ಟಿನಿಂದ ಕೇಳಿದ ದನಿ, ಒಂದು ಎಳೆ ತಪ್ಪುತ್ತಿರಲಿಲ್ಲ. ಬಂದವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ವರ್ಷ ತುಂಬುವ ಹೊತ್ತಿಗೆ ಭಾವ ಏಳನೆಯ ಸೈಕಲ್ಲು ತಂದ. ಕಪ್ಪು ಬಣ್ಣದ್ದು, ಎರಡು ಸೀಟಿನದು, ಉದ್ದ. ನಡುಮನೆಯಲ್ಲಿ ಅಷ್ಟು ಉದ್ದದ ಗೋಡೆ ಉಳಿದಿರಲಿಲ್ಲ.

"ಒಳಕೋಣೆ ಗೋಡೆ ಇದೆಯಲ್ಲ ಭಾವ" ಎಂದ ತಮ್ಮ. "ಮಿಷನ್ ಬಚ್ಚಲ ಪಕ್ಕ ಇಟ್ರಾಯ್ತು. ಹೊಲಿಯೋಕೆ ಕಿಟಕಿ ಯಾಕೆ, ದೀಪ ಇಲ್ವಾ."

ಮಿಷನ್ನನ್ನು ಭಾವ ಎಳೆದು ಈಚೆ ಹಾಕಿದ. ತಮ್ಮ ಕುರ್ಚಿಯ ಮೇಲೆ ಕೂತು ಕೊರೆಯುವ ಯಂತ್ರ ಹಿಡಿದ. ಗುರುತು ಹಾಕುವ ತನಕ ಯಾರಾದರೂ ಸೈಕಲ್ಲನ್ನು ಗೋಡೆಗೆ ಎತ್ತಿ ಹಿಡಿಯಬೇಕಿತ್ತು. ಭಾವನಿಗೆ ಫೋನು ಬಂತು, ಅವನು ನಡುಮನೆಗೆ ಹೋದ. ಅಕ್ಕ ಸೈಕಲ್ಲಿನ ಕೆಳಗೆ ನಿಂತು ಎರಡೂ ಕೈಯಿಂದ ಎತ್ತಿದಳು.

"ಬಲಗಡೆ ಸ್ವಲ್ಪ ಮೇಲೆ" ಎಂದ ತಮ್ಮ.

ಅವಳು ಎತ್ತಿದಳು. ಅವನು ಒಂದು ಕಣ್ಣು ಮುಚ್ಚಿ ನೋಡಿದ, ಪೆನ್ಸಿಲ್ಲು ಹುಡುಕಿದ, ಕಿವಿಯ ಮೇಲಿಂದ ತೆಗೆದ, ಮೊನೆ ನೋಡಿದ.

"ಕೈ ನಡುಗ್ತಿದೆ ಕಣೋ. ಬೇಗ ಗುರುತು ಹಾಕು."

"ನೀವು ಅಲ್ಲಾಡಿದ್ರೆ ಹೇಗೆ ಹಾಕಲಿ" ಎಂದು ಅವನು ಕುರ್ಚಿಗೆ ಆರಾಮಾಗಿ ಒರಗಿದ. "ಎಡಗಡೆ ಇಳೀತು. ಸ್ವಲ್ಪ ಎತ್ತಿ. ಇನ್ನೂ ಸ್ವಲ್ಪ. ಹಾಗೇ ಹಿಡ್ಕೊಂಡಿರಿ."