ಹೊಸ ಬೀಗದ ರಿಯಾಯಿತಿ

ವಿಮೆಯ ಏಜೆಂಟರು ಬಂದ ಹೊತ್ತಿಗೆ ದರ್ಜಿಯಮ್ಮ ತನ್ನ ತಮ್ಮನನ್ನು ಬೈಯುತ್ತಿದ್ದಳು. ತಮ್ಮ ಸತ್ತು ಹನ್ನೆರಡು ದಿನವಾಗಿತ್ತು. ಸತ್ತವರನ್ನು ಹಾಗೆಲ್ಲ ಅನ್ನಬಾರದು ಎಂದು ಗಂಡ ಎರಡು ಸಲ ಹೇಳಿ ನೋಡಿ ಸುಮ್ಮನಾಗಿದ್ದ. ಅಳುವುದಕ್ಕಿಂತ ಬೈಯುವುದೇ ಅವಳಿಗೆ ಸುಲಭವಾಗಿತ್ತು.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ಅವನದು. ನಾನಾಗೇ ಸೋತು ಹೇಳಿ ಕಳಿಸಿದೆ. ಒಂದೇ ಒಂದು ಸಲ ಬಂದು ಮುಖ ತೋರಿಸಿದ್ರೆ ಅವನ ಗಂಟೇನು ಹೋಗ್ತಿತ್ತು?"

ತಮ್ಮ ಅವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಲಾರಿ ಓಡಿಸುತ್ತಿದ್ದ. ಅರ್ಧ ತಿಂಗಳು ರಸ್ತೆಯ ಮೇಲೆ. ಉಳಿದಂತೆ ಯಾವಾಗ ಬೇಕೆಂದರೆ ಆವಾಗ ತನ್ನ ಬೀಗದಕೈಯಿಂದ ಬಾಗಿಲು ತೆಗೆದು ಬಂದು, ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಎಲ್ಲೆಂದರಲ್ಲಿ ಉರುಳುತ್ತಿದ್ದ. ಎರಡು ವರ್ಷದ ಹಿಂದೆ ಹಾಗೆ ಉರುಳಿದ್ದು ಒಬ್ಬ ವಕೀಲರ ಆರು ಬಿಳಿ ಅಂಗಿಗಳ ಮೇಲೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಇದೇನು ಛತ್ರ ಅಂದ್ಕೊಂಡಿದೀಯಾ? ಇದು ನನ್ನ ಮನೆ!" ಎಂದುಬಿಟ್ಟಳು.

ಮನೆ ಅವರಿಬ್ಬರ ಅಪ್ಪ ಕಟ್ಟಿಸಿದ್ದು. "ನಮ್ಮ" ಎನ್ನಬೇಕಾದ ಕಡೆ "ನನ್ನ" ಎಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟವನು ಮತ್ತೆ ಬರಲಿಲ್ಲ. ಹೆಚ್ಚುಕಡಿಮೆ ಎರಡು ವರ್ಷ ಅವಳೂ ಬಿಗಿದುಕೊಂಡೇ ಇದ್ದಳು. ಕೊನೆಗೆ ಮೂರು ತಿಂಗಳ ಹಿಂದೆ, ಪ್ಯಾಂಟು ಹೊಲಿಸಲು ಬಂದ ಇನ್ನೊಬ್ಬ ಲಾರಿ ಡ್ರೈವರನ ಕೈಲಿ ಹೇಳಿ ಕಳಿಸಿದಳು: "ಅಕ್ಕ ಕಾಯ್ತಿದಾಳೆ ಅನ್ನಿ. ಕೀ ಅವನ ಹತ್ರಾನೇ ಇದೆ, ಬಾಗಿಲು ತೆಕ್ಕೊಂಡು ಬರಲಿ ಅನ್ನಿ."

ಅವನು ಬರಲಿಲ್ಲ. ಹನ್ನೆರಡು ದಿನದ ಹಿಂದೆ ಲಾರಿಯ ಸೀಟಿನಲ್ಲಿ ಮಲಗಿದ್ದಲ್ಲೇ ಅವನ ಎದೆಬಡಿತ ನಿಂತಿತು. ನನ್ನನ್ನು ಕ್ಷಮಿಸದೆಯೇ ಹೋದನಲ್ಲ ಎಂಬ ಒಂದೇ ಸಂಕಟ ಅವಳಿಗೆ ಉಳಿದಿತ್ತು.

ಏಜೆಂಟರಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ಬಂದದ್ದು ಬೇರೆ ಕೆಲಸಕ್ಕೆ. ಹಿಂದಿನ ಬೀದಿಯಲ್ಲಿ ಎರಡು ಮನೆ ಕಳವಾದ ಮೇಲೆ ಈ ಕಡೆಯ ಮನೆಗಳ ವಿಮೆಯ ಕಂತು ಏರಿತ್ತು. ಅವಳ ಗಂಡ ಬಸ್ ಕಂಡಕ್ಟರು, ಯಾರಿಗೂ ಚಿಲ್ಲರೆ ಬಿಟ್ಟವನಲ್ಲ. ಮನೆಯ ಭದ್ರತೆ ಹೆಚ್ಚಿಸಿದರೆ ಕಂತಿನಲ್ಲಿ ರಿಯಾಯಿತಿ ಉಂಟು ಎಂದು ಓದಿದವನೇ ಒಂದೂವರೆ ತಿಂಗಳ ಹಿಂದೆ, ತಮ್ಮ ಇನ್ನೂ ಬದುಕಿದ್ದಾಗ, ಏಜೆಂಟರನ್ನು ಕರೆಸಿದ್ದ. ಅವರು ಕಿಟಕಿ ಬಾಗಿಲೆಲ್ಲ ತಟ್ಟಿ ನೋಡಿ, ಹಿತ್ತಲ ಕಿಟಕಿಗೆ ಸರಳು, ಮುಂಬಾಗಿಲ ಮೇಲೊಂದು ಕ್ಯಾಮೆರಾ ಎಂದು ಪಟ್ಟಿ ಬರೆದರು. ಆಮೇಲೆ ಕೇಳಿದರು: "ಹೊರಗಡೆ ಯಾರ ಹತ್ರ ಆದ್ರೂ ಕೀ ಇದೆಯಾ?"

"ನನ್ನ ತಮ್ಮನ ಹತ್ರ ಒಂದಿದೆ," ಎಂದಿದ್ದಳು ಅವಳು.

"ಹಾಗಾದ್ರೆ ಬೀಗಾನೇ ಬದಲಾಯಿಸ್ಬೇಕಮ್ಮ."

ಅವಳು ಗಂಡನ ಮುಖ ನೋಡಿದಳು. "ಎರಡು ವರ್ಷ ಬರದೇ ಇದ್ದೋನು ನಾಳೆನೇ ಬಂದ್ಬಿಡ್ತಾನಾ? ಬಂದ್ರೆ ಹೊಸ ಕೀ ಕೊಟ್ರಾಯ್ತು," ಎಂದ ಅವನು. ಅದೂ ಸರಿ ಅನ್ನಿಸಿತು. ಹೊಸ ಬೀಗ ಬಿತ್ತು. ಕ್ಯಾಮೆರಾ ಒಂದು ತಿಂಗಳು ಸರಿಯಾಗಿ ನಡೆದಿದೆಯೇ ಎಂದು ನೋಡಿ ಸಹಿ ಹಾಕುವುದಷ್ಟೇ ಬಾಕಿ ಇತ್ತು. ಅದಕ್ಕೇ ಏಜೆಂಟರು ಇವತ್ತು ಬಂದದ್ದು.

ಅವರು ಕ್ಯಾಮೆರಾದ ಚಿತ್ರಗಳನ್ನು ಓಡಿಸುತ್ತ ಓಡಿಸುತ್ತ ಒಂದು ಕಡೆ ನಿಲ್ಲಿಸಿದರು. ಮುಖ ಅರಳಿತು. "ಅಮ್ಮಾ, ಸರ್, ಬನ್ನಿ ಇಲ್ಲಿ! ನಿಮ್ಮ ಬೀಗ ಗೆದ್ದಿದೆ. ಹಾಡಹಗಲೇ ಒಬ್ಬ ಕಳ್ಳ ಬಂದು ಹೋಗಿದಾನೆ ನೋಡಿ."

ಬೆಳಿಗ್ಗೆ ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ, ಹತ್ತೊಂಬತ್ತು ದಿನದ ಹಿಂದಿನದು. ಕ್ಯಾಮೆರಾ ಮೇಲಿದ್ದದ್ದರಿಂದ ಬಂದವನ ನೆತ್ತಿ, ಭುಜ, ಕೈ ಮಾತ್ರ ಕಾಣುತ್ತಿತ್ತು. ಅವನು ಬೀಗಕ್ಕೆ ಕೀ ಹಾಕಿ, ಎಡಗೈಯಿಂದ ಬಾಗಿಲನ್ನು ತನ್ನತ್ತ ಎಳೆದು ಚೂರು ಮೇಲಕ್ಕೆತ್ತಿ ತಿರುಗಿಸಿದ. ಆ ಬಾಗಿಲು ಜೋತುಬಿದ್ದು ಎಷ್ಟೋ ವರ್ಷವಾಗಿತ್ತು. ಹಾಗೆ ಎತ್ತಿ ತೆಗೆಯಬೇಕೆಂದು ತಿಳಿದವರು ಆ ಮನೆಯವರು ಮಾತ್ರ.

"ನೋಡಿ, ಕೈಚಳಕ ನೋಡಿ ಅವನದು," ಎಂದರು ಏಜೆಂಟರು.

ಗಂಡನಿಗೂ ಗುರುತು ಸಿಕ್ಕಿತು. ಅವನು ಚಿತ್ರದಿಂದ ಮುಖ ತಿರುಗಿಸಿದ. ಅವಳು ಮಾತ್ರ ಕದಲದೆ ನೋಡುತ್ತಿದ್ದಳು.

ಮೂರು ಸಲ ತಿರುಗಿಸಿದ. ಕೀಯನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ಹಾಕಿದ. ಬಗ್ಗಿ ನೋಡಿದ; ಹೊಳೆಯುವ ಹೊಸ ಬೀಗ. ಅವನ ಬೆರಳು ಕರೆಗಂಟೆಯವರೆಗೂ ಹೋಗಿ ಇಳಿಯಿತು. ಗಂಟೆ ಹೊರಗಿನವರಿಗೆ, ಮನೆಯ ಮಕ್ಕಳು ಒತ್ತಬಾರದು ಎಂದು ಅಪ್ಪ ಹೇಳುತ್ತಿದ್ದರು. ಮರೆತು ಒತ್ತಿದರೆ ಒಳಗಿನಿಂದಲೇ "ಯಾರೋ ನೆಂಟರು ಬಂದಿದಾರೆ" ಎಂದು ರೇಗಿಸುತ್ತಿದ್ದರು. ಅಕ್ಕನಾಗಲಿ ತಮ್ಮನಾಗಲಿ ಆ ಗಂಟೆ ಒತ್ತಿದ ನೆನಪೇ ಇಲ್ಲ.

ಅವನು ಮೆಟ್ಟಿಲ ಮೇಲೆ ಕೂತ. ತಲೆ ಬಾಗಿಲ ಕಡೆ ವಾಲಿತ್ತು. ಚಿತ್ರಕ್ಕೆ ಸದ್ದಿರಲಿಲ್ಲ, ಆದರೆ ಅವನಿಗೆ ಏನು ಕೇಳುತ್ತಿತ್ತೆಂದು ಅವಳಿಗೆ ಗೊತ್ತು. ಆ ಹೊತ್ತಿನಲ್ಲಿ ಅವಳು ಒಳಗೇ ಇದ್ದಳು, ಮಿಷನ್ ತುಳಿಯುತ್ತ. ಸ್ವಲ್ಪ ಹೊತ್ತಿಗೆ ಅವನು ಥಟ್ಟನೆ ಎದ್ದು, ತಲೆಗೂದಲು ನೀವಿಕೊಂಡು, ಅಂಗಿ ಎಳೆದುಕೊಂಡು ಬಾಗಿಲಿಗೆ ಎದುರಾಗಿ ನಿಂತ. ಮಿಷನ್ ನಿಂತಿರಬೇಕು. ದಾರ ಬದಲಾಯಿಸಲು ಅವಳು ಎದ್ದಿರಬೇಕು. ಅರ್ಧ ನಿಮಿಷ ಹಾಗೇ ನಿಂತಿದ್ದ. ಆಮೇಲೆ ಅವನ ಭುಜ ಇಳಿಯಿತು, ಮತ್ತೆ ಕೂತ.

ಹನ್ನೊಂದು ನಲವತ್ತಕ್ಕೆ ಎದ್ದು ಹೋದ.

"ಬಂದಿದ್ದ," ಎಂದಳು ಅವಳು, ಯಾರಿಗೆಂದಿಲ್ಲದೆ. "ನಾನು ಕರೆದಿದ್ದಕ್ಕೇ ಬಂದಿದ್ದ ಕಣ್ರೀ."

ಏಜೆಂಟರು ಇಬ್ಬರ ಮುಖವನ್ನೂ ನೋಡಿ ದನಿ ತಗ್ಗಿಸಿದರು. "ಗುರುತಿನವರಾ ಅಮ್ಮ? ಇಲ್ಲಿ ಒಂದು ಮಾತು ಬರೀಬೇಕಿತ್ತು. ಕಳ್ಳ ಅಂತ ಹಾಕಲಾ ಬೇಡವಾ?"

"ಮನೆಯವನು ಅಂತ ಬರೀರಿ."

"ಮನೆಯವ್ರಾ?" ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಮತ್ತೆ ಅವರ ಹತ್ರ ಹೊಸ ಕೀ ಯಾಕಿರ್ಲಿಲ್ಲ?"

"ನಾನು ಬೀಗ ಬದಲಾಯಿಸಿದ್ನಲ್ಲ," ಎಂದಳು. "ಅವನಿಗೊಂದು ಮಾತು ಹೇಳಿ ಕಳಿಸ್ಬೇಕಿತ್ತು. ಹೇಳ್ಲಿಲ್ಲ ನಾನು."